ನೋಟೀಸು ಬೋರ್ಡಿನ ಮೇಲೆ ಹೆಸರು

ಮುಂಬಯಿಯ ಉಪನಗರಗಳಲ್ಲಿ ಯಾವ ಕಟ್ಟಡಕ್ಕೆ ಕಾಲಿಟ್ಟರೂ ಮೊದಲು ಕಣ್ಣಿಗೆ ಬೀಳೋದು ಎರಡು. ಒಂದು, ಮನೆ ನಂಬರು ಮತ್ತು ಹೆಸರುಗಳನ್ನು ಬರೆದ ಕರೀ ಹಲಗೆ. ಇನ್ನೊಂದು, ಗಾಜಿನ ಬಾಗಿಲಿನ, ಸಣ್ಣ ಬೀಗ ಹಾಕಿದ ನೋಟೀಸು ಬೋರ್ಡು. ಭಾನುವಾರ ನೀರಿನ ಟಾಕಿ ತೊಳೀತಾರೆ, ಗಣಪತಿಗೆ ಇಷ್ಟು ವಂತಿಗೆ, ತಾರಸಿ ಮೇಲೆ ಹಪ್ಪಳ ಒಣಗಿಸುವವರು ಸಂಜೆ ಐದರೊಳಗೆ ತೆಗೀಬೇಕು, ಹೀಗೆ ಕಟ್ಟಡದ ಅರ್ಧ ಸಂಸಾರ ಆ ಗಾಜಿನ ಹಿಂದೆ ಇರುತ್ತದೆ. ಎಷ್ಟೋ ಕಡೆ ಅದರ ಮೂಲೆಯಲ್ಲಿ ಇನ್ನೊಂದು ಹಾಳೆಯೂ ಇರುತ್ತದೆ. ಮನೆ ನಂಬರು, ಹೆಸರು, ಮುಂದೆ ಒಂದು ಮೊತ್ತ. ಮೇಂಟೆನೆನ್ಸ್ ಹಣ ಬಾಕಿ ಉಳಿಸಿಕೊಂಡವರ ಪಟ್ಟಿ ಅದು.

ಸಾಲ ಉಳಿಸಿಕೊಂಡವನ ಹೆಸರನ್ನು ಹೀಗೆ ಬಾಗಿಲಲ್ಲಿ ಹಚ್ಚುವುದು ಸರಿಯೇ ಎನ್ನುವುದು ನನ್ನನ್ನು ಬಹಳ ವರ್ಷಗಳಿಂದ ಕಾಡಿದ ಪ್ರಶ್ನೆ. ಡೊಂಬಿವಲಿಯ ನಮ್ಮ ಸೊಸಾಯಿಟಿಯಲ್ಲಿ ಆರು ವರ್ಷ ಖಜಾಂಚಿ ಆಗಿದ್ದವನು ನಾನು. ದೇವರು, ಧರ್ಮ, ರಾಜಕೀಯ ಯಾವುದರ ಮೇಲೂ ಆಗದಷ್ಟು ಜಗಳ ಈ ಒಂದು ಹಾಳೆಯ ಮೇಲೆ ಆದದ್ದನ್ನು ನೋಡಿದ್ದೇನೆ.

ಊರಲ್ಲಿರುವ ನಿಮಗೆ ಮೊದಲು ಈ ಸೊಸಾಯಿಟಿ ಅಂದರೇನು ಅಂತ ಸ್ವಲ್ಪ ಹೇಳಬೇಕು. ನಮ್ಮ ಕಡೆ ಮನೆ ಕಟ್ಟಿಸಿದರೆ ಜಾಗ ನಮ್ಮದು, ಗೋಡೆ ನಮ್ಮದು, ಬಾವಿ ನಮ್ಮದು. ಇಲ್ಲಿ ಹಾಗಲ್ಲ. 1960ರ ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯ್ದೆಯಡಿ ನೋಂದಾಯಿಸಿದ ಸಂಘದ ಸದಸ್ಯರು ನಾವು. ಬಿಲ್ಡರ್ ಜಾಗವನ್ನು ಕಾಗದಪತ್ರ ಸಮೇತ ಒಪ್ಪಿಸಿದರೆ ನೆಲ ಮತ್ತು ಕಟ್ಟಡ ಸಂಘದ ಹೆಸರಿಗೆ ಬರುತ್ತದೆ. ನಮ್ಮ ಕೈಗೆ ಬರೋದು ಐವತ್ತು ರೂಪಾಯಿಯ ಹತ್ತು ಷೇರುಗಳ ಒಂದು ಸರ್ಟಿಫಿಕೇಟು. ಅರವತ್ತು ಲಕ್ಷದ ಮನೆಗೂ ಐನೂರು ರೂಪಾಯಿಯ ಕಾಗದ! ಊರಿಂದ ಬಂದ ನಮ್ಮ ಮಾವನಿಗೆ ಅದನ್ನು ತೋರಿಸಿದಾಗ ಅವರು ಹಿಂದೆ ಮುಂದೆ ತಿರುಗಿಸಿ ನೋಡಿ, "ಇಷ್ಟ ಏನಪಾ?" ಅಂದಿದ್ದರು. ಇಷ್ಟೇ. ಹಾಗಾಗಿ ಇಲ್ಲಿ ನಾವು ಒಡೆಯರೂ ಹೌದು, ಪರಸ್ಪರ ಹಂಗಿನವರೂ ಹೌದು.

ಆ ಹಂಗು ತಿಂಗಳ ಬಿಲ್ಲಿನಲ್ಲಿ ಕಾಣುತ್ತದೆ. ಪಂಪು ಮತ್ತು ಲಿಫ್ಟಿನ ಕರೆಂಟು, ನೀರಿನ ಬಿಲ್ಲು, ವಾಚಮನ್‌ನ ಸಂಬಳ, ಗುಡಿಸುವವಳ ಸಂಬಳ, ದುರಸ್ತಿ ನಿಧಿ, ಹೀಗೆ. ಕಸಬರಿಗೆ, ವಾಚಮನ್ ಮುಂತಾದ ಸೇವೆಗಳ ಖರ್ಚನ್ನು ದೊಡ್ಡ ಮನೆ ಸಣ್ಣ ಮನೆ ಎನ್ನದೆ ಎಲ್ಲರೂ ಸಮನಾಗಿ ಕೊಡಬೇಕು ಅಂತ ನಿಯಮ. ಲಿಫ್ಟಿನ ಖರ್ಚು ಕೂಡ ಹಾಗೇ, ಬಳಸಿದರೂ ಬಳಸದಿದ್ದರೂ. ನಮ್ಮ ತಳಮಹಡಿಯ ಗುಜರಾತಿ ಅಜ್ಜ ಇಪ್ಪತ್ತೈದು ವರ್ಷ ಒಮ್ಮೆಯೂ ಲಿಫ್ಟ್ ಹತ್ತದೆ ಲಿಫ್ಟಿನ ಹಣ ಕೊಟ್ಟ ಮನುಷ್ಯ. ವರ್ಷಕ್ಕೊಮ್ಮೆ ಜನರಲ್ ಬಾಡಿಯಲ್ಲಿ ಎದ್ದು ನಿಂತು ಇದು ಅನ್ಯಾಯ ಅಂತ ಹೇಳೋರು, ಕೂತುಕೊಳ್ಳೋರು, ಮರುದಿನ ಚೆಕ್ ಕೊಡೋರು. ನನಗೆ ಅವರ ಬಗ್ಗೆ ದೊಡ್ಡ ಗೌರವ. ಒಪ್ಪದ ನಿಯಮಕ್ಕೂ ಬದ್ಧನಾಗಿರುತ್ತೇನೆ ಅನ್ನೋದನ್ನು ಅಷ್ಟು ಸರಳವಾಗಿ ಮಾಡಿ ತೋರಿಸಿದವರು ಕಡಿಮೆ.

ಒಬ್ಬರು ಹಣ ಕೊಡದಿದ್ದರೆ ಏನಾಗುತ್ತದೆ? ಸರಕಾರವಾದರೆ ಬೇರೆ ಕಡೆಯಿಂದ ತಂದೀತು, ಬ್ಯಾಂಕಾದರೆ ನಷ್ಟ ಬರೆದುಕೊಂಡೀತು. ಸಂಘಕ್ಕೆ ಬೇರೆ ಬೊಕ್ಕಸವೇ ಇಲ್ಲ. ನೀರಿನ ಬಿಲ್ಲು ಇಡೀ ಕಟ್ಟಡಕ್ಕೆ ಒಂದು. 48 ಮನೆಗಳಲ್ಲಿ ಎಂಟು ಮನೆಯವರು ಕೈ ಎತ್ತಿದರೆ ಉಳಿದ ನಲವತ್ತು ಮನೆಯವರು ಅವರ ಪಾಲಿನ ನೀರನ್ನೂ ಕೊಂಡುಕೊಡಬೇಕು. ಅಂದರೆ ಬಾಕಿದಾರ ಸಾಲ ಮಾಡಿರೋದು ಪಕ್ಕದ ಮನೆಯವನ ಹತ್ತಿರ, ಅವನನ್ನು ಕೇಳದೆ. ಪಟ್ಟಿ ಹಚ್ಚುವವರ ವಾದದ ಬಲ ಇರೋದು ಇಲ್ಲಿ, ಅದನ್ನು ಹಗುರವಾಗಿ ತಗೊಳ್ಳುವ ಹಾಗಿಲ್ಲ.

ಮರಾಠಿಯಲ್ಲಿ ಈ ಬಾಕಿಗೆ 'ಥಕಬಾಕಿ' ಅನ್ನುತ್ತಾರೆ. ಥಕಣೆ ಅಂದರೆ ದಣಿಯುವುದು. ಹಣ ಸಮಯಕ್ಕೆ ಬರದಿದ್ದರೆ 'ಪೈಸೆ ಥಕಲೆ', ಹಣ ದಣಿಯಿತು ಅನ್ನೋ ಮಾತು ಅವರಲ್ಲಿ ರೂಢಿ. ನಮ್ಮಲ್ಲಿ ಬಾಕಿ ಉಳಿಯುತ್ತದೆ, ನಿಲ್ಲುತ್ತದೆ, ಬೆಳೆಯುತ್ತದೆ, ಆದರೆ ದಣಿಯೋದಿಲ್ಲ. ಮೊದಲ ಸಲ ಬೋರ್ಡಿನ ಮೇಲೆ 'ಥಕಬಾಕೀದಾರ' ಅಂತ ಓದಿದಾಗ ನನಗೆ ಕಂಡದ್ದು ಮೆಟ್ಟಿಲ ಮೇಲೆ ದಣಿದು ಕೂತ ಮನುಷ್ಯನ ಚಿತ್ರವೇ. ಮರಾಠಿಗರಿಗೆ ಹಾಗೆ ಅನಿಸೋದಿಲ್ಲವಂತೆ, ಕೇಳಿ ನೋಡಿದ್ದೇನೆ. ತಮ್ಮ ಭಾಷೆಯ ಮಾತು ತಮಗೆ ಕೇಳಿಸೋದಿಲ್ಲ, ಪರಭಾಷೆಯಲ್ಲಿ ಬದುಕುವವನಿಗೆ ಮಾತ್ರ ಆ ಶಿಕ್ಷೆ.

ಈ ಸಹಕಾರದ ಕಲ್ಪನೆ ನಮಗೇನು ಪರಕೀಯವಲ್ಲ. ನಮ್ಮ ಗದಗಿನ ಕಡೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಪತ್ತಿನ ಸಂಘವನ್ನು ದೇಶದ ಮೊದಲ ಕೃಷಿ ಸಹಕಾರ ಸಂಘ ಅಂತ ಹೇಳುತ್ತಾರೆ. ಬೆಂಗಳೂರಿನಲ್ಲಿ 1909ರಲ್ಲೇ ಮನೆ ಕಟ್ಟುವ ಸಹಕಾರಿ ಸಂಘ ಇತ್ತು. ಇನ್ನು ಮುಂಬಯಿಯಲ್ಲಿ ಇಂದು ಸಾವಿರಾರು ಸಂಖ್ಯೆಯಲ್ಲಿರುವ ಇಂಥ ಸೊಸಾಯಿಟಿಗಳಿಗೆ ಮೇಲ್ಪಂಕ್ತಿ ಹಾಕಿದ್ದು 1915ರಲ್ಲಿ ಗಾಮದೇವಿಯಲ್ಲಿ ಎದ್ದ ಸಾರಸ್ವತ ಸಂಘದ ಕಟ್ಟಡಗಳು. ಅದರ ಹಿಂದಿದ್ದ ಶ್ರೀಪಾದ ಸುಬ್ಬರಾವ್ ತಲ್ಮಕಿ ಅವರು ಕೆನರಾ ಮೂಲದ ಚಿತ್ರಾಪುರ ಸಾರಸ್ವತರು. 1906ರಲ್ಲಿ ತಮ್ಮ ಗುರು ಶಾಮರಾವ್ ವಿಠ್ಠಲರ ಹೆಸರಿನಲ್ಲಿ ಸಹಕಾರಿ ಸಂಘ ಸ್ಥಾಪಿಸಿದವರೂ ಅವರೇ, ಅದು ಇಂದಿಗೂ ಬ್ಯಾಂಕಾಗಿ ನಡೀತಿದೆ. ಊರು ಬಿಟ್ಟು ಬಂದ ಗುಮಾಸ್ತರು, ಬಾಡಿಗೆ ಕಟ್ಟಿ ಕಟ್ಟಿ ಬೇಸತ್ತವರು, ನಾಲ್ಕು ಜನ ಸೇರಿ ಒಂದು ಸೂರು ಮಾಡಿಕೊಳ್ಳೋಣ ಅಂದ ಕಥೆ ಅದು.

ಈ ಹಳೇ ಸಂಘಗಳ ಕುರಿತು ಒಂದು ಸಂಗತಿ ನನ್ನ ಪ್ರಶ್ನೆಗೆ ಬಹಳ ಹತ್ತಿರದ್ದು. 1904ರ ಕಾಯ್ದೆಯ ಪ್ರಕಾರ ಹಳ್ಳಿಯ ಪತ್ತಿನ ಸಂಘಗಳಲ್ಲಿ ಸದಸ್ಯರ ಹೊಣೆಗೆ ಸಾಮಾನ್ಯವಾಗಿ ಮಿತಿಯೇ ಇರಲಿಲ್ಲ. ಒಬ್ಬ ಸಾಲ ತೀರಿಸದಿದ್ದರೆ, ಸಂಘ ಮುಳುಗಿದರೆ, ಉಳಿದವರು ಹೊಲ ಮನೆ ಮಾರಿಯಾದರೂ ತುಂಬಬೇಕು. ಬ್ಯಾಂಕು ಕೇಳುವಂಥ ಅಡವು ಬಡವರಲ್ಲಿ ಇಲ್ಲವಲ್ಲ. ಇರೋದು ನೆರೆಯವನ ಕಣ್ಣು ಒಂದೇ. ಯಾರು ಕುಡೀತಾನೆ, ಯಾರು ದುಡೀತಾನೆ, ಯಾರ ಎತ್ತು ಸತ್ತಿದೆ ಎಲ್ಲರಿಗೂ ಗೊತ್ತು. ಹಾಗಾಗಿ ಬಾಕಿದಾರನ ಮೇಲೆ ನಾಲ್ಕು ಜನರ ಕಣ್ಣಿರಬೇಕು ಅನ್ನೋದು ನಮ್ಮ ಸೆಕ್ರೆಟರಿಯ ತಲೆಯಲ್ಲಿ ಹುಟ್ಟಿದ ಕುಹಕವಲ್ಲ. ಸಹಕಾರದ ತಳಪಾಯದಲ್ಲೇ ಆ ಕಣ್ಣು ಇದೆ.

ಆದರೆ ಕಣಗಿನಹಾಳದಂಥ ಹಳ್ಳಿಯಲ್ಲಿ ಕಣ್ಣಿಗೆ ಕಾಣುತ್ತಿದ್ದದ್ದು ಮೊತ್ತ ಮಾತ್ರವಲ್ಲ. ಎತ್ತು ಸತ್ತದ್ದೂ ಕಾಣುತ್ತಿತ್ತು. ನಮ್ಮ ಬೋರ್ಡಿನ ಮೇಲೆ ಮೊತ್ತ ಇದೆ, ಎತ್ತು ಇಲ್ಲ.

ನಮ್ಮ ಕಟ್ಟಡದಲ್ಲಿ ಮೊದಲ ಪಟ್ಟಿ ಹಚ್ಚಿದ್ದು 2009ರಲ್ಲಿ, ನಾನು ಕಮಿಟಿಗೆ ಬರುವ ಮೊದಲು. ಹನ್ನೊಂದು ಹೆಸರು. ಎರಡು ವಾರದಲ್ಲಿ ಅದರಲ್ಲಿ ಐದು ಮನೆಯವರು ಪೂರ್ತಿ ಕಟ್ಟಿದರು. ಕಮಿಟಿಯವರಿಗೆ ಸಹಜವಾಗಿ ಖುಷಿ. ನಾನು ಮುಂದೆ ಖಜಾಂಚಿಯಾದ ಮೇಲೆ ಹಳೇ ಲೆಕ್ಕ ತೆಗೆದು ಯಾರ್ಯಾರು ಕಟ್ಟಿದರು ಅಂತ ನೋಡಿದೆ. ಅತಿ ದೊಡ್ಡ ಬಾಕಿ ಆರನೇ ಮಹಡಿಯ ಒಬ್ಬ ವ್ಯಾಪಾರಸ್ಥರದು, ಎರಡು ಕಾರು, ಎರಡು ಮನೆ. ಅವರು ಪಟ್ಟಿಯ ಮುಂದೆ ನಿಂತು ಮೊಬೈಲಿನಲ್ಲಿ ಮಾತಾಡುತ್ತಾ ತಮ್ಮ ಹೆಸರಿನ ಮೇಲೆ ಬೆರಳಾಡಿಸಿ ನಕ್ಕು ಹೋದದ್ದನ್ನು ನಾನೇ ಕಂಡಿದ್ದೆ. ಅವರು ಕಟ್ಟಿರಲಿಲ್ಲ. ವಿದೇಶದಲ್ಲಿದ್ದು ಮನೆ ಬೀಗ ಹಾಕಿದ್ದವರು ಕಟ್ಟಿರಲಿಲ್ಲ, ಅವರಿಗೆ ಬೋರ್ಡು ಕಾಣೋದಾದರೂ ಹೇಗೆ? ಕಟ್ಟಿದ ಐವರಲ್ಲಿ ಮೂವರು ತೀರ ಸಾಧಾರಣ ಸ್ಥಿತಿಯವರು. ಒಬ್ಬರು ಹೆಂಡತಿಯ ಬಳೆ ಇಟ್ಟು ಕಟ್ಟಿದರು ಅಂತ ಆಮೇಲೆ ತಿಳಿಯಿತು.

ಪಟ್ಟಿಯ ಬಗ್ಗೆ ನನ್ನ ಮೊದಲ ತಕರಾರು ಇದೇ. ನಾಚಿಕೆಯ ಮೂಲಕ ವಸೂಲಿ ಅಂದರೆ ನಾಚಿಕೆ ಇದ್ದವರಿಂದ ವಸೂಲಿ. ಯಾರಲ್ಲಿ ಹಣ ಇದೆ, ನಾಚಿಕೆ ಇಲ್ಲ, ಅಂಥವರನ್ನು ಅದು ಮುಟ್ಟೋದೇ ಇಲ್ಲ. ಯಾರಲ್ಲಿ ಹಣ ಇಲ್ಲ, ನಾಚಿಕೆ ಬೇಕಾದಷ್ಟಿದೆ, ಅಂಥವರನ್ನು ಹಿಂಡುತ್ತದೆ. ತೆರಿಗೆಯಾದರೆ ಇದ್ದವನಿಗೆ ಹೆಚ್ಚು ಇಲ್ಲದವನಿಗೆ ಕಡಿಮೆ ಅನ್ನೋ ಲೆಕ್ಕವಾದರೂ ಇದೆ. ಇದು ಅದರ ತದ್ವಿರುದ್ಧ.

ಮೂರನೇ ಮಹಡಿಯಲ್ಲಿ ಒಬ್ಬರಿದ್ದರು, ಅವರ ಊರು ಭಾಷೆ ಏನೂ ಹೇಳೋದಿಲ್ಲ. ಕೆಲಸ ಹೋಗಿ ಹದಿನಾಲ್ಕು ತಿಂಗಳಾಗಿತ್ತು. ದಿನಾ ಬೆಳಿಗ್ಗೆ ಎಂಟಕ್ಕೆ ಬ್ಯಾಗು ಹಾಕಿಕೊಂಡು ಸ್ಟೇಷನ್ ಕಡೆ ನಡೆಯೋರು. ಲೋಕಲ್ ಹಿಡಿಯೋದೂ ಇಲ್ಲ, ಎಲ್ಲೋ ಕೂತು ಸಂಜೆ ಬರೋದು. ಕಟ್ಟಡದಲ್ಲಿ ಯಾರಿಗೂ ಸುಳಿವಿಲ್ಲ, ಮನೆಯಲ್ಲೇ ಎಷ್ಟು ಗೊತ್ತಿತ್ತೋ. ಪಟ್ಟಿಯಲ್ಲಿ ಅವರ ಹೆಸರು ಬಂತು. ಗಾಜಿನ ಬೋರ್ಡನ್ನು ದೊಡ್ಡವರಿಗಿಂತ ಹೆಚ್ಚು ಓದೋದು ಮಕ್ಕಳು, ಕ್ರಿಕೆಟ್ ಆಡೋದಕ್ಕೆ ಎಷ್ಟರವರೆಗೆ ಅನುಮತಿ ಅನ್ನೋದು ಅಲ್ಲೇ ಇರುತ್ತದಲ್ಲ. ಒಂದು ಸಂಜೆ ಔಟ್ ನಾಟ್‌ಔಟ್ ಜಗಳದಲ್ಲಿ ಅವರ ಹನ್ನೆರಡು ವರ್ಷದ ಮಗನಿಗೆ ಇನ್ನೊಬ್ಬ ಹುಡುಗ, "ತೇರಾ ಬಾಪ್ ಡಿಫಾಲ್ಟರ್ ಹೈ, ತೂ ಬ್ಯಾಟ್ ಛೋಡ್" ಅಂದ. ನಾನು ತರಕಾರಿ ಚೀಲ ಹಿಡಿದು ಒಳಗೆ ಬರುತ್ತಿದ್ದೆ. ಆ ಹುಡುಗ ಬ್ಯಾಟು ಕೆಳಗಿಟ್ಟ. ಅತ್ತೂ ಇಲ್ಲ, ಜಗಳವಾಡಲೂ ಇಲ್ಲ, ತುಸು ಹೊತ್ತು ಬೋರ್ಡಿನ ಹತ್ತಿರ ಹೋಗಿ ನಿಂತು, ಮೆಟ್ಟಿಲು ಹತ್ತಿ ಹೋದ. ಲಿಫ್ಟ್ ಕೆಳಗೇ ನಿಂತಿತ್ತು.

ಅವನ ಅಪ್ಪ ಸಂಘಕ್ಕೆ ಕೊಡಬೇಕಿದ್ದದ್ದು ಹದಿನೆಂಟು ಸಾವಿರ ಚಿಲ್ಲರೆ. ಆ ಸಂಜೆ ಅವನು ಕಳಕೊಂಡದ್ದು ಆ ಖಾತೆಯಲ್ಲಿ ಎಲ್ಲೂ ಜಮೆಯಾಗೋದಿಲ್ಲ. ಸಾಲ ಮಾಡಿದವನು ಹಣಕ್ಕೆ ಹೊಣೆ, ಬಡ್ಡಿಗೂ ಹೊಣೆ. 2014ರ ಮಾದರಿ ಉಪನಿಯಮಗಳು ವರ್ಷಕ್ಕೆ ಶೇಕಡಾ 21ರವರೆಗೆ ಸರಳ ಬಡ್ಡಿ ಹಾಕಬಹುದು ಅಂದಿವೆ, ಅದು ಸಣ್ಣ ಬಡ್ಡಿಯಲ್ಲ. ರಿಜಿಸ್ಟ್ರಾರರ ಕಚೇರಿಯಿಂದ ವಸೂಲಿ ಪ್ರಮಾಣಪತ್ರ ತಂದು ಜಪ್ತಿಯವರೆಗೆ ಹೋಗಲು ಕಾಯ್ದೆಯಲ್ಲಿ ದಾರಿ ಇದೆ. ಹಿಂದೆ 101ನೇ ಕಲಮಿನಡಿ ಇತ್ತು, 2019ರ ತಿದ್ದುಪಡಿಯಲ್ಲಿ ವಸತಿ ಸಂಘಗಳಿಗೇ ಬೇರೆ ಅಧ್ಯಾಯ ಬಂತು. ಇಷ್ಟೆಲ್ಲ ಹಗ್ಗ ಕೈಯಲ್ಲಿದ್ದೂ ಹೆಸರು ಹಚ್ಚೋದು ಯಾಕೆ ಅಂದರೆ, ಹಗ್ಗಕ್ಕೆ ವಕೀಲ ಬೇಕು, ಓಡಾಟ ಬೇಕು. ಹಾಳೆಗೆ ನಾಲ್ಕು ಗುಂಡುಪಿನ್ನು ಸಾಕು.

ಇಷ್ಟು ಹೇಳಿ ನಾನು ನಿಲ್ಲಿಸಿಬಿಟ್ಟರೆ ಓದುವವರ ಕರುಣೆಯೆಲ್ಲ ನನ್ನ ಕಡೆ ಬರುತ್ತದೆ. ಅದು ಸುಲಭದ ಗೆಲುವು. ಎರಡನೇ ಮಹಡಿಯ ಬಾಯಿಯವರ ಮಾತು ಕೇಳದೆ ಈ ವಿಚಾರ ಮುಗಿಯೋದಿಲ್ಲ. ಗಂಡ ತೀರಿಕೊಂಡು ಬಹಳ ವರ್ಷ, ಕುಟುಂಬ ಪಿಂಚಣಿಯಲ್ಲಿ ಬದುಕುವವರು. ಪ್ರತಿ ತಿಂಗಳ ಐದನೇ ತಾರೀಕಿಗೆ ಚೆಕ್ಕು ಮಡಿಸಿ ಕವರಿನಲ್ಲಿಟ್ಟು ತಾವೇ ತಂದುಕೊಡುತ್ತಾರೆ. ನಾನು ಖಜಾಂಚಿಯಾದ ಮೇಲೆ ಕಮಿಟಿಯಲ್ಲಿ ವಾದ ಮಾಡಿ ಪಟ್ಟಿ ತೆಗೆಸಿದೆ. ಆಗ ಅವರು ನಮ್ಮ ಮನೆಗೇ ಬಂದು, ಚಹಾ ಬೇಡ ಅಂದು, ಮರಾಠಿಯಲ್ಲಿ ಕೇಳಿದರು: "ಔಷಧಿ ಅಂಗಡಿಯಲ್ಲಿ ಈ ತಿಂಗಳು ಅರ್ಧ ಗುಳಿಗೆ ಮಾತ್ರ ಕೊಡು ಅಂತ ನಾನು ಬಾಯಿಬಿಟ್ಟು ಹೇಳ್ತೀನಿ. ನಾಲ್ಕು ಜನ ನಿಂತಿರ್ತಾರೆ. ನನ್ನ ನಾಚಿಕೆಗೆ ಯಾರೂ ಪರದೆ ಕಟ್ಟಲಿಲ್ಲ. ಹಣ ಕೊಡದವರ ನಾಚಿಕೆ ಕಾಯೋಕೆ ಕಮಿಟಿ ಇದೆಯೋ?"

ನನಗೆ ಉತ್ತರ ಹೊಳೆಯಲಿಲ್ಲ. ಈಗಲೂ ಪೂರ್ತಿ ಹೊಳೆದಿದೆ ಅಂತ ಹೇಳಲಾರೆ. ತಾವು ಕಟ್ಟಿದ ಹಣ ಯಾರ ಪಾಲಿನ ನೀರಿಗೆ ಹೋಯಿತು ಅಂತ ಕೇಳುವ ಹಕ್ಕು ಅವರಿಗಿದೆ. ಸದಸ್ಯರು ಲೆಕ್ಕಪತ್ರ ನೋಡಬಹುದು ಅಂತ ಕಾಯ್ದೆಯೇ ಹೇಳುತ್ತದೆ. ಗೋಪ್ಯ ಅನ್ನೋ ಮಾತನ್ನು ಬಲವಿದ್ದವರು ಹೇಗೆ ಬಳಸುತ್ತಾರೆ ಅನ್ನೋದನ್ನೂ ಕಂಡಿದ್ದೇವೆ. ಬ್ಯಾಂಕುಗಳ ದೊಡ್ಡ ಬಾಕಿದಾರರ ಮಾಹಿತಿ ಕೊಡಲು ಒಲ್ಲೆ ಅಂತ ರಿಸರ್ವ್ ಬ್ಯಾಂಕು ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. 2015ರ ಡಿಸೆಂಬರಿನಲ್ಲಿ ಕೋರ್ಟು ಮಾಹಿತಿ ಹಕ್ಕಿನಡಿ ಕೊಡಲೇಬೇಕು ಅಂತ ತೀರ್ಪಿತ್ತಿತು. ಅದೇ ದೇಶದಲ್ಲಿ 2006ರಲ್ಲಿ ಪಟ್ನಾದ ನಗರಪಾಲಿಕೆ ತೆರಿಗೆ ಬಾಕಿದಾರರ ಅಂಗಡಿ ಮುಂದೆ ತೃತೀಯ ಲಿಂಗಿಗಳನ್ನು ಕಳಿಸಿ ಹಾಡಿಸಿ ಕುಣಿಸಿತ್ತು. ಬಾಕಿದಾರನನ್ನು ನಾಚಿಸಲು, ನಾಚಿಕೆಗೇಡು ಅಂತ ಸಮಾಜ ಮೊದಲೇ ದೂರ ಇಟ್ಟವರನ್ನು ಕೂಲಿಗೆ ಹಿಡಿಯೋದು! ಕೋಟಿ ಉಳಿಸಿಕೊಂಡವನ ಹೆಸರಿಗೆ ಸುಪ್ರೀಂ ಕೋರ್ಟಿನ ಕಾವಲು ಬೇಡುತ್ತಾರೆ, ಸಾವಿರದವನ ಮನೆ ಮುಂದೆ ತಮಟೆ.

ಆದ್ದರಿಂದ ಹೆಸರು ಯಾವತ್ತೂ ಹೇಳಬಾರದು ಅನ್ನೋದು ನನ್ನ ಅಭಿಪ್ರಾಯವಲ್ಲ. ಯಾರಿಗೆ ಕೇಳುವ ಹಕ್ಕಿದೆಯೋ ಅವರಿಗೆ ಹೇಳಬೇಕು, ಅವರಿಗೆ ಮಾತ್ರ. ಬಾಯಿಯವರಿಗೆ ಆ ಹಕ್ಕಿದೆ. ಕೊರಿಯರ್ ಹುಡುಗನಿಗೆ ಇಲ್ಲ, ಹಾಲಿನವನಿಗೆ ಇಲ್ಲ, ಮದುವೆ ಮಾತುಕತೆಗೆ ಬಂದ ಬೀಗರಿಗೆ ಇಲ್ಲ, ಬ್ಯಾಟು ಹಿಡಿದ ಹುಡುಗನಿಗಂತೂ ಇಲ್ಲ. ನಾವು ಮಾಡಿದ್ದು ಇಷ್ಟೇ: ವಾರ್ಷಿಕ ವರದಿಯ ಜೊತೆ ಸದಸ್ಯರಿಗೆ ಮಾತ್ರ ಕೊಡುವ ಲೆಕ್ಕದಲ್ಲಿ ಬಾಕಿಯ ವಿವರ ಹಾಕಿದೆವು, ಬೋರ್ಡಿನಿಂದ ತೆಗೆದೆವು. 48 ಮನೆಯವರಿಗೆ ಗೊತ್ತಾದ ಗುಟ್ಟು ಗುಟ್ಟೇ ಅಲ್ಲ ಅಂತ ಒಬ್ಬರು ನಕ್ಕರು. ನಿಜ. ಆದರೂ ತನ್ನದೂ ಪಾಲಿರುವ ಲೆಕ್ಕದಲ್ಲಿ ಹೆಸರು ಓದುವವನಿಗೂ, ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ಓದುವವನಿಗೂ ವ್ಯತ್ಯಾಸ ಇದೆ. ಮೊದಲನೆಯವನು ನಾಳೆ ತನ್ನ ಹೆಸರೂ ಅಲ್ಲಿ ಬರಬಹುದು ಅಂತ ಬಲ್ಲ.

ಇನ್ನು ನೀರು ನಿಲ್ಲಿಸೋಣ, ತಾರಸಿಯ ವಾಲ್ವು ತಿರುಗಿಸಿದರೆ ಒಂದೇ ದಿನದಲ್ಲಿ ಚೆಕ್ಕು ಬರುತ್ತದೆ ಅಂದವರೂ ಇದ್ದರು. ಅದಕ್ಕೆ ಸಂಘಕ್ಕೆ ಅಧಿಕಾರವೇ ಇಲ್ಲ. 2005ರ ಜುಲೈ 26ರ ಮಳೆಯಲ್ಲಿ, ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಬಿದ್ದ ಆ ದಿನ, ಮನೆ ತಲುಪಲಾರದ ಗುರುತಿಲ್ಲದ ಜನರಿಗೆ ಈ ಊರಿನ ಉದ್ದಗಲಕ್ಕೂ ಜನ ನೀರು ಬಿಸ್ಕತ್ತು ಹಂಚಿದ್ದರು. ಅಂಥ ಊರಲ್ಲಿ ಪಕ್ಕದ ಮನೆಯ ನಲ್ಲಿ ಕಟ್ಟುವ ಮಾತು! ಈ ಠರಾವು ಚರ್ಚೆಗೂ ಬರಲಿಲ್ಲ.

ನನಗೆ ಇದಕ್ಕಿಂತ ಕಷ್ಟವಾಗಿ ಕಾಣೋದು ಬೇರೆ. ಮೊತ್ತ ಮಾತ್ರ ಕಂಡರೆ ಸಾಲದು, ಕಾರಣವೂ ಕಾಣಬೇಕು ಅಂದೆನಲ್ಲ. ಹಾಗಾದರೆ ಕಾರಣ ಹೇಳಬೇಕಾದವರು ಯಾರು? ನಮ್ಮ ಕಮಿಟಿಯಲ್ಲಿ ಒಬ್ಬ ಒಳ್ಳೇ ಮನುಷ್ಯರು ಸಲಹೆ ಕೊಟ್ಟರು: ತೊಂದರೆ ಇದ್ದವರು ಒಂದು ಅರ್ಜಿ ಬರೆದುಕೊಡಲಿ, ನಾಲ್ಕಾರು ತಿಂಗಳು ಬಡ್ಡಿ ಇಲ್ಲದೆ ಬಿಡೋಣ. ಎಷ್ಟು ಸಜ್ಜನಿಕೆಯ ಮಾತು! ಆದರೆ ಆ ಅರ್ಜಿಯಲ್ಲಿ ಏನು ಬರೀಬೇಕು? ಕೆಲಸ ಹೋಯಿತು, ಹೆಂಡತಿಗೆ ಕಾಯಿಲೆ, ಮಗ ಹಣ ಕಳಿಸೋದಿಲ್ಲ. ಹೆಸರು ಉಳಿಸಿಕೊಳ್ಳೋಕೆ ಕಥೆ ಒತ್ತೆ ಇಡಬೇಕು. ಬೋರ್ಡಿನ ಮೇಲೆ ಹೆಸರಿದ್ದರೂ ಪರವಾಗಿಲ್ಲ, ಅದನ್ನು ಬರೀಲಾರೆ ಅನ್ನುವ ಜನ ಇದ್ದಾರೆ, ಅವರ ಹಟ ನನಗೆ ಅರ್ಥವಾಗುತ್ತದೆ. ಊರಲ್ಲಿ ಯಾರೂ ಅರ್ಜಿ ಕೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿರುತ್ತಿತ್ತು. ಆ ಗೊತ್ತಿರೋದರಿಂದ ತಪ್ಪಿಸಿಕೊಳ್ಳೋಕೇ ಅಲ್ಲವೇ ನಮ್ಮಲ್ಲಿ ಎಷ್ಟೋ ಜನ ಮುಂಬಯಿ ರೈಲು ಹತ್ತಿದ್ದು? ಇಲ್ಲಿ ಯಾರೂ ಏನೂ ಕೇಳೋದಿಲ್ಲ ಅನ್ನೋ ಸುಖ ಉಂಡವರು, ಯಾರಿಗೂ ಏನೂ ಗೊತ್ತಿಲ್ಲ ಅನ್ನೋ ಕಷ್ಟವನ್ನೂ ಉಣ್ಣಬೇಕಾಗುತ್ತದೆ.

ಕಡೆಗೆ ಅರ್ಜಿ ಬೇಡ ಅಂತ ಆಯಿತು. ಖಜಾಂಚಿ ಮೂರು ತಿಂಗಳ ಬಾಕಿಯಾದವರ ಮನೆಗೆ ತಾನೇ ಹೋಗಿ ಕೂತು ಬರೋದು, ಅವರು ಏನಾದರೂ ಹೇಳಿದರೆ ಕೇಳೋದು, ಹೇಳದಿದ್ದರೆ ಕಂತು ಎಷ್ಟು ಅಂತ ಮಾತ್ರ ಕೇಳೋದು. ಆರು ವರ್ಷ ಹೀಗೆ ಮೆಟ್ಟಿಲು ಹತ್ತಿಳಿದೆ. ವಸೂಲಿ ಬೋರ್ಡಿನಷ್ಟು ಚುರುಕಾಗಿ ಆಗಲಿಲ್ಲ, ಅದನ್ನು ಮುಚ್ಚಿಡೋದಿಲ್ಲ. ಮೂರನೇ ಮಹಡಿಯವರು ಎರಡು ವರ್ಷದಲ್ಲಿ ಬಡ್ಡಿ ಸಮೇತ ತೀರಿಸಿದರು, ಬಡ್ಡಿ ಬಿಡೋಣ ಅಂದರೂ ಒಪ್ಪಲಿಲ್ಲ. ಆರನೇ ಮಹಡಿಯವರ ಮೇಲೆ ರಿಜಿಸ್ಟ್ರಾರರಲ್ಲಿ ಪ್ರಕರಣ ಹಾಕಿದೆವು. ಜಪ್ತಿಯ ನೋಟೀಸು ಬಂದ ಮೇಲೆ ಒಂದೇ ಬಾರಿಗೆ ಕಟ್ಟಿದರು, ಆಗಲೂ ನಗುತ್ತಲೇ.

ಈಗ ನಾನು ಕಮಿಟಿಯಲ್ಲಿಲ್ಲ. ಬೋರ್ಡಿನ ಜಾಗಕ್ಕೆ ವಾಟ್ಸಾಪ್ ಗುಂಪು ಬಂದಿದೆ, ಅಲ್ಲಿ ಪಟ್ಟಿ ಹಾಕಬೇಕು ಅನ್ನೋ ಮಾತು ಮತ್ತೆ ಎದ್ದಿದೆ. ಬೋರ್ಡಿಗಾದರೆ ಗಾಜು, ಬೀಗ ಇತ್ತು, ಹಾಳೆ ಹಳದಿಯಾಗಿ ಒಂದು ದಿನ ತೆಗೆಯುತ್ತಿದ್ದರು. ಇದು ಯಾರ ಫೋನಿಗೆ ಎಲ್ಲಿಗೆ ಹೋಗುತ್ತದೋ ದೇವರೇ ಬಲ್ಲ. ಸೆಪ್ಟೆಂಬರ್ 30ರ ಒಳಗೆ ಜನರಲ್ ಬಾಡಿ ಕರೀಬೇಕು, ಅದರ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಬೇಕು ಅಂತ ಎರಡನೇ ಮಹಡಿಯ ಬಾಯಿಯವರೇ ಠರಾವು ಬರೆದಿದ್ದಾರೆ. ಅನುಮೋದಕರು ಯಾರೂ ಸಿಗಲಿಲ್ಲವಂತೆ, ಎಲ್ಲರಿಗೂ ಒಂದಲ್ಲ ಒಂದು ಸಲ ಬಾಕಿ ಆಗಿದೆ. ಹೋದ ವಾರ ಆ ಕಾಗದವನ್ನು ನನ್ನ ಹತ್ತಿರ ತಂದರು. ಠರಾವಿನ ವಿರುದ್ಧ ಮತ ಹಾಕುತ್ತೇನೆ ಅಂತ ಹೇಳಿಯೇ ಅನುಮೋದಕ ಅನ್ನುವ ಜಾಗದಲ್ಲಿ ಸಹಿ ಮಾಡಿದ್ದೇನೆ. ಅವರು ಕನ್ನಡಕ ಸರಿಮಾಡಿಕೊಂಡು ಸಹಿಯನ್ನು ಎರಡು ಸಲ ನೋಡಿ, ಕಾಗದ ಮಡಿಸಿ ಅದೇ ಕವರಿನಲ್ಲಿಟ್ಟುಕೊಂಡು ಹೋದರು.